ಕೆಟ್ಟರಿಂಗ್‌ನ ಚರ್ಚು ಮತ್ತು ಚಿಗವ್ವನ ತಕರಾರು

ವಾಟ್ಸಾಪಿನಲ್ಲಿ ಮಗಳ ಫೋಟೊ ಹಾಕಿದ್ದೇ ತಡ, ಹುಬ್ಬಳ್ಳಿಯಿಂದ ಚಿಗವ್ವನ ಫೋನು. "ಅಲ್ಲವಾ, ವಾರಾ ವಾರಾ ಚರ್ಚಿಗೆ ಹೊಂಟೀಯಂತಲ್ಲ, ಏನ್ ಕಥಿ ಇದು?"

ಕಥೆ ಏನೂ ಇಲ್ಲ. ನಾವಿರುವ ಕೆಟ್ಟರಿಂಗ್, ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಸಣ್ಣ ಊರು. ಹೊರಗೆ ಮಳೆ, ಚಳಿ. ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಹೋಗಲು ಇರುವ ಜಾಗ ಅಂದರೆ ಬ್ಯಾಪ್ಟಿಸ್ಟ್ ಚರ್ಚಿನ ಹಾಲ್. ಮಕ್ಕಳು ಆಡುತ್ತವೆ, ತಾಯಂದಿರಿಗೆ ಚಹಾ ಬಿಸ್ಕಿಟ್ಟು ಸಿಗುತ್ತದೆ. ಧರ್ಮದ ಮಾತು ಯಾರೂ ಎತ್ತುವುದಿಲ್ಲ. ಇಷ್ಟು ಹೇಳಿದರೂ ಚಿಗವ್ವ ಬಿಡಲಿಲ್ಲ. "ಏನರ ಅನ್ನು, ಅದು ನಮ್ಮನ್ನ ಆಳಿದವರ ಧರ್ಮ ಅಲ್ಲೇನ?"

ನಮ್ಮ ಕಡೆ ಬಹಳ ಜನರ ತಲೆಯಲ್ಲಿ ಇರುವುದು ಇದೇ. ಚರ್ಚು ಅಂದರೆ ಬ್ರಿಟಿಷರು, ಬ್ರಿಟಿಷರು ಅಂದರೆ ಚರ್ಚು. ಈ ಊರಿನ ಚರ್ಚಿನ ಕಥೆ ಕೇಳಿದರೆ ಅದು ಅಷ್ಟು ಸಲೀಸಲ್ಲ.

ಬ್ಯಾಪ್ಟಿಸ್ಟರು ಇಂಗ್ಲೆಂಡಿನಲ್ಲೇ ಸರ್ಕಾರಿ ಚರ್ಚಿಗೆ ಬೇಡವಾದವರು. ಹುಟ್ಟಿದ ಕೂಸಿನ ತಲೆಗೆ ನೀರು ಹಾಕಿದರೆ ಅದು ದೀಕ್ಷೆ ಆಗುವುದಿಲ್ಲ, ಬುದ್ಧಿ ಬಂದ ಮೇಲೆ ತಾನಾಗಿ ಒಪ್ಪಿಕೊಂಡು ನೀರಲ್ಲಿ ಮುಳುಗಿ ಏಳಬೇಕು ಅನ್ನುವುದು ಅವರ ವಾದ. ಥಾಮಸ್ ಹೆಲ್ವಿಸ್ ಅನ್ನುವವನು 1612ರ ಸುಮಾರಿಗೆ ಲಂಡನ್ ಹತ್ತಿರ ಇಂಥ ಸಭೆ ಶುರು ಮಾಡಿ, ಪ್ರಜೆಗಳ ಆತ್ಮದ ಮೇಲೆ ರಾಜನಿಗೆ ಅಧಿಕಾರ ಇಲ್ಲ ಅಂತ ಬರೆದ. ಜೈಲಿಗೆ ಹಾಕಿದರು, ಅಲ್ಲೇ ಸತ್ತ. 1689ರ ಕಾನೂನು ಬಂದ ಮೇಲಷ್ಟೇ ಇವರು ರಾಜಾರೋಷವಾಗಿ ಪ್ರಾರ್ಥನೆ ಮಾಡುವಂತಾಯಿತು. ಆಮೇಲೂ ನೂರೈವತ್ತು ವರ್ಷಕ್ಕಿಂತ ಜಾಸ್ತಿ ಕಾಲ ಆಕ್ಸ್‌ಫರ್ಡಿನಲ್ಲಿ ಓದುವ ಹಾಗಿರಲಿಲ್ಲ.

ಈ ಸೀಮೆಯಲ್ಲಿ ಇಂಥ ಚರ್ಚುಗಳಿಗೆ ಸೇರಿದವರಲ್ಲಿ ಬೂಟು ಹೊಲಿಯುವವರು ಬಹಳ. ನಮ್ಮ ಜಿಲ್ಲೆ ನಾರ್ಥಾಂಪ್ಟನ್‌ಶೈರ್ ಅಂದರೆ ಬೂಟಿಗೇ ಹೆಸರು. ಅವರಲ್ಲೊಬ್ಬ ವಿಲಿಯಂ ಕೇರಿ. 1761ರಲ್ಲಿ ಹುಟ್ಟಿದವನು, 1783ರಲ್ಲಿ ನಾರ್ಥಾಂಪ್ಟನ್ನಿನ ನೆನ್ ನದಿಯಲ್ಲಿ ಮುಳುಗಿ ಬ್ಯಾಪ್ಟಿಸ್ಟ್ ಆದ. ಮೌಲ್ಟನ್ ಅನ್ನುವ ಹಳ್ಳಿಯ ಚರ್ಚಿಗೆ ಪಾಸ್ಟರಾದರೂ ಸಂಬಳ ಹೊಟ್ಟೆಗೆ ಸಾಲುತ್ತಿರಲಿಲ್ಲ. ಶಾಲೆ ನಡೆಸಿದ, ಬೂಟು ಹೊಲಿದ. ಹೊಲಿದ ಬೂಟನ್ನು ಹೊತ್ತು ನಡೆದುಕೊಂಡು ನಮ್ಮ ಕೆಟ್ಟರಿಂಗ್‌ಗೆ ಬರುತ್ತಿದ್ದ. ಇಲ್ಲಿನ ಬೂಟಿನ ಸಾಹುಕಾರ ಗಾಚ್, "ಹೊಲಿಯೋದು ಬಿಡು, ಭಾಷೆ ಕಲಿ" ಅಂತ ವಾರಕ್ಕೆ 10 ಶಿಲಿಂಗ್ ಕೊಡಲು ಶುರು ಮಾಡಿದ ಅಂತ ಇಲ್ಲಿ ಹೇಳುತ್ತಾರೆ.

1792ರ ಅಕ್ಟೋಬರ್ 2ರಂದು ಇದೇ ಊರಲ್ಲಿ ವಾಲಿಸ್ ಅನ್ನುವ ವಿಧವೆಯ ಮನೆಯ ಕೋಣೆಯಲ್ಲಿ ಒಂದಷ್ಟು ಪಾಸ್ಟರುಗಳು ಕೂತು ಮಿಷನರಿ ಸಂಘ ಕಟ್ಟಿದರು. (ಗಾಂಧಿ ಜಯಂತಿ ದಿನ! ಗಾಂಧಿ ಇನ್ನೂ ಹುಟ್ಟಿರಲಿಲ್ಲ ಬಿಡಿ.) ಎಲ್ಲರೂ ಕೊಡುತ್ತೇವೆ ಅಂದಿದ್ದು ಒಟ್ಟು 13 ಪೌಂಡ್ 2 ಶಿಲಿಂಗ್ 6 ಪೆನ್ಸ್. ಊರಿನ ಪಾಸ್ಟರು ಆಂಡ್ರೂ ಫುಲ್ಲರ್‌ನ ನಶ್ಯದ ಡಬ್ಬಿಯಲ್ಲಿ, ಕೊಡುವ ಮೊತ್ತ ಬರೆದ ಚೀಟಿ ಕೂಡಿಸಿದರಂತೆ. ಈಗಿನ ಚರ್ಚಿಗೆ ಅವನದೇ ಹೆಸರು.

ಮುಂದೆ ಕೇರಿ ಬಂಗಾಳಕ್ಕೆ ಹೊರಟಾಗ ಅಡ್ಡ ನಿಂತದ್ದು ಯಾರು? ಈಸ್ಟ್ ಇಂಡಿಯಾ ಕಂಪನಿ! ಮಿಷನರಿಗಳು ಬಂದರೆ ವ್ಯಾಪಾರ ಕೆಡುತ್ತದೆ ಅಂತ ಅವರಿಗೆ ಹೆದರಿಕೆ. ಇವನು 1793ರಲ್ಲಿ ಡೆನ್ಮಾರ್ಕಿನ ಹಡಗು ಹತ್ತಿ ಬಂದ, 1800ರಲ್ಲಿ ಡೇನರ ಕೈಯಲ್ಲಿದ್ದ ಶ್ರೀರಾಂಪುರದಲ್ಲಿ ನೆಲೆ ನಿಂತ. ಕಂಪನಿಯವರು ಮಿಷನರಿಗಳಿಗೆ ಬಾಗಿಲು ತೆಗೆದದ್ದು 1813ರಲ್ಲಿ. ಹಾಗಂತ ಆಳುವವರ ಋಣ ಇವನಿಗಿರಲಿಲ್ಲ ಅಂತಲ್ಲ. 1801ರಿಂದ ಕಂಪನಿಯದೇ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ಎಣಿಸಿಕೊಂಡಿದ್ದಾನೆ.

ಚಿಗವ್ವನ ದನಿ ಮೆತ್ತಗಾದದ್ದು ಮುಂದಿನ ಸಂಗತಿ ಕೇಳಿದ ಮೇಲೆ. ಈ ಕೇರಿ ಕನ್ನಡ ವ್ಯಾಕರಣ ಬರೆದಿದ್ದಾನೆ! ಕನ್ನಡ ನಾಡಿಗೆ ಬಂದವನಲ್ಲ, ಬಂಗಾಳದಲ್ಲೇ ಕೂತು ಕಲಿತವನು. 1812ರಲ್ಲಿ ಶ್ರೀರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಎಷ್ಟೋ ಹಸ್ತಪ್ರತಿ ಸುಟ್ಟುಹೋದವು. ಆದರೂ 1817ರಲ್ಲಿ ಕನ್ನಡ ವ್ಯಾಕರಣ ಅಚ್ಚಾಯಿತು. ಧಾರವಾಡ ಪೇಶ್ವೆಗಳ ಕೈ ತಪ್ಪಿ ಕಂಪನಿಗೆ ಹೋದದ್ದೂ ಅದೇ ವರ್ಷ.

"ಹಂಗಾರ ಬೂಟ್ ಹೊಲಿಯಾಂವ ವ್ಯಾಕರಣ ಬರದಾನ ಅನ್ನು. ನಮ್ಮ ಹರಳಯ್ಯನ ಪೈಕಿ!" ಅಂದಳು. ಚಿಗವ್ವನ ಕಡೆಯಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಅವಳ ಮುಂದಿನ ಪ್ರಶ್ನೆ, ಧಾರವಾಡದ ಬಾಸೆಲ್ ಮಿಶನ್ನಿನವರೂ ಇವರೇ ಏನು ಅಂತ. ಅಲ್ಲ. ಅವರು ಕೂಸುಗಳಿಗೂ ದೀಕ್ಷೆ ಕೊಡುತ್ತಾರೆ. 1834ರಲ್ಲಿ ಮಂಗಳೂರಿಗೆ, 1837ಕ್ಕೆ ಧಾರವಾಡಕ್ಕೆ, 1839ಕ್ಕೆ ಹುಬ್ಬಳ್ಳಿಗೆ, 1841ಕ್ಕೆ ಬೆಟಗೇರಿಗೆ ಬಂದ ಅವರಲ್ಲಿ ಹೆಚ್ಚಿನವರು ಜರ್ಮನರು, ಸ್ವಿಸ್ ಜನ. ಕಿಟೆಲ್ ಕೂಡ ಜರ್ಮನ್ನನೇ. ಮೊದಲ ಮಹಾಯುದ್ಧ ಬಂದಾಗ ಇದೇ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಹಿಡಿದು ಶಿಬಿರದಲ್ಲಿಟ್ಟಿತು. ಆಳುವವರು ಬೇರೆ, ಪಾದ್ರಿಗಳು ಬೇರೆ ಅನ್ನಲು ನಮ್ಮೂರ ಉದಾಹರಣೆಯೇ ಸಾಕು.

ಮುಳುಗಿಸುವುದನ್ನು ನಾನು ಕಣ್ಣಾರೆ ನೋಡಿದ್ದು ಪಕ್ಕದ ಹಳ್ಳಿಯ ಚರ್ಚಿನಲ್ಲಿ. ಪರಿಚಯದ ನೈಜೀರಿಯಾದ ನರ್ಸ್ ಒಬ್ಬಳು ಕರೆದಿದ್ದಳು. ವೇದಿಕೆಯ ಹಲಗೆ ಎತ್ತಿದರೆ ಕೆಳಗೆ ಟೈಲ್ಸ್ ಹಾಕಿದ ತೊಟ್ಟಿ, ಇಳಿಯಲು ಮೆಟ್ಟಿಲು. ಹಿಂದಿನ ರಾತ್ರಿಯಿಂದ ಹೀಟರ್ ಹಚ್ಚಿ ನೀರು ಬಿಸಿ ಮಾಡಿದ್ದರಂತೆ, ಆದರೂ ಇಳಿದ ಕೂಡಲೇ ಅವಳು "ಹಾ!" ಅಂದಳು, ಎಲ್ಲರೂ ನಕ್ಕರು. ಕರಿ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು. ಪಾಸ್ಟರೂ ನೀರಿಗಿಳಿದು ಅವಳ ಬೆನ್ನಿಗೆ ಕೈ ಕೊಟ್ಟು, ಹಿಂದಕ್ಕೆ ಬಾಗಿಸಿ ಮುಳುಗಿಸಿ ಎತ್ತಿದರು. ಒಬ್ಬ ಅಜ್ಜಿ ಟವೆಲ್ ಹಿಡಿದು ಮೊದಲಿಂದಲೂ ಮೆಟ್ಟಿಲ ಹತ್ತಿರವೇ ನಿಂತಿದ್ದಳು.

ಇವರಲ್ಲಿ ನನಗೆ ಹಿಡಿಸಿದ್ದು, ಮೇಲಿಂದ ಹುಕುಂ ಮಾಡುವ ಬಿಷಪ್ ಇಲ್ಲದಿರುವುದು. ಪಾಸ್ಟರನ್ನು ಆರಿಸುವುದರಿಂದ ಹಿಡಿದು ಚಾವಣಿ ರಿಪೇರಿ ತನಕ ಎಲ್ಲಾ ಸದಸ್ಯರೇ ಕೂತು ಓಟು ಹಾಕುತ್ತಾರೆ, ವಾದವೂ ಜೋರೇ ಇರುತ್ತದಂತೆ. ದುಡ್ಡೂ ಅವರೇ ಕೂಡಿಸಬೇಕು. ಈಗ ಚಾವಣಿ ಸೋರುತ್ತಿದೆ, ಮುಂದಿನ ಶನಿವಾರ ಚರ್ಚಿನ ಹಾಲ್‌ನಲ್ಲಿ ತಿಂಡಿ ಮಾರಾಟ. ನಾನು ಗಿರಮಿಟ್ ಮಾಡುತ್ತೇನೆ ಅಂದೆ.

"ಗಿರಮಿಟ್ ಬ್ಯಾಡವಾ, ತಾಸೊತ್ತಿಗೆ ಮೆತ್ತಗಾಗತೈತಿ" ಅಂದಳು ಚಿಗವ್ವ. "ಶಂಕರಪೋಳಿ ಮಾಡು. ರೇಟು ಜಾಸ್ತಿ ಇಡು, ಚಾವಣಿ ಅಂದ್ರ ಸುಮ್ನ ಅಲ್ಲ."