ಎಷ್ಟು ದಿನ ಕುಡೀಬೇಕಣ್ಣ?

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. ‘ಅಣ್ಣಾ, ಈ ನೀರು ಎಷ್ಟು ದಿನ ಕುಡೀಬೇಕು?’

ಕೇಳಿದವಳು ಸ್ಕಾಲರ್‌ಶಿಪ್ ಅರ್ಜಿ ಪ್ರಿಂಟ್ ತೆಗೆಸಲು ಬಂದ ಹುಡುಗಿ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಿಂದ ಒಳಗೆ ತಿರುಗಿದರೆ ನನ್ನ ಅಂಗಡಿ. ಆಧಾರ್ ಜೆರಾಕ್ಸ್, ಮದುವೆ ಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸ್, ಎಲ್ಲ ಒಂದೇ ಕಡೆ. (ಫ್ಲೆಕ್ಸ್ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಯ್ತು. ಎಷ್ಟು ನಿಂತಿದೆ ಅಂತ ಯಾವುದೇ ಸರ್ಕಲ್‌ನಲ್ಲಿ ತಲೆ ಎತ್ತಿ ನೋಡಿದರೆ ಗೊತ್ತಾಗುತ್ತೆ. ಅದರಲ್ಲಿ ನನ್ನ ಪಾಲೂ ಇದೆ, ಸುಳ್ಳು ಯಾಕೆ ಹೇಳಲಿ.)

ಹಿಂದಿನ ದಿನ ಒಬ್ಬ ಗಿರಾಕಿ ಬಂದಿದ್ದ. ವಾಟರ್ ಫಿಲ್ಟರ್ ಏಜೆನ್ಸಿ. ಇಸ್ತ್ರಿ ಷರ್ಟು, ಬೆಣ್ಣೆಯಂಥ ಮಾತು, ಟೀ ತಾನೇ ತರಿಸುವ ಪೈಕಿ. ನನಗೆ ಇಂಥವರು ಇಷ್ಟ ಆಗಿಬಿಡುತ್ತಾರೆ, ಅದೇ ತೊಂದರೆ. ಹತ್ತು ಸಾವಿರ ಪಾಂಪ್ಲೆಟ್, ಜೊತೆಗೆ ಒಂದಿಷ್ಟು ಬ್ಯಾನರ್. ಎಲ್ಲ ಸೇರಿ 18 ಸಾವಿರದ ಕೆಲಸ. ಪೇಪರ್ ಒಳಗೆ ಇಟ್ಟು ಇಲ್ಲಿಂದ ಬಾಗೇಪಲ್ಲಿವರೆಗೂ ಹಂಚುವುದಂತೆ. ಮಷೀನ್ ಸಾಲದ ಕಂತು ಐದನೇ ತಾರೀಕು. ನಾನು ಬೇರೇನೂ ಯೋಚಿಸಲಿಲ್ಲ.

ಮೊಬೈಲಿನಿಂದ ಒಂದು ಫೋಟೋ ಕಳಿಸಿದ. ಒಂದು ಹೆಣ್ಣುಮಗು ನಗುತ್ತಿದೆ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೋರ್‌ವೆಲ್ ನೀರಿನ ಫ್ಲೋರೈಡ್ ಹಾಕಿದ ಮೊಹರು ಅದು.

‘ಇದು ಎಡಕ್ಕೆ ಹಾಕಿ ಸಾರ್. ಬಲಕ್ಕೂ ಇದೇ ಫೋಟೋ, ಹಲ್ಲು ಮಾತ್ರ ಬೆಳ್ಳಗೆ ಮಾಡಿ. ಮೇಲೆ ದಪ್ಪಕ್ಷರ: ನಮ್ಮ ನೀರು ಕುಡಿಯಿರಿ, ಮುತ್ತಿನಂತೆ ನಗಿ.’

ಹಲ್ಲು ಬೆಳ್ಳಗೆ ಮಾಡುವುದು ನನಗೆ ಹೊಸದಲ್ಲ. ಮದುವೆ ಬ್ಯಾನರಿಗೆ ಫೋಟೋ ಕೊಡುವ ಹತ್ತು ಜನರಲ್ಲಿ ನಾಲ್ಕು ಜನ ಮೆಲ್ಲಗೆ ಕಿವಿಯಲ್ಲಿ ಕೇಳುವುದೇ ಅದನ್ನು. ಎರಡು ನಿಮಿಷದ ಕೆಲಸ. ಹಳದಿ ಇಳಿಸಬೇಕು, ಬೆಳಕು ಏರಿಸಬೇಕು. ಪೂರ್ತಿ ಬಿಳಿ ಮಾಡಿದರೆ ಸುಣ್ಣ ಬಳಿದ ಹಾಗೆ ಕಾಣುತ್ತೆ. ಅದಕ್ಕೆ ಪಕ್ಕದ ಒಂದು ಹಲ್ಲನ್ನು ಸ್ವಲ್ಪ ಮಾಸಲಾಗಿಯೇ ಬಿಡುತ್ತೇನೆ. ಆಗ ನಿಜ ಅನ್ನಿಸುತ್ತೆ. ಈ ಮಗುವಿಗೂ ಹಾಗೇ ಮಾಡಿ, ಪ್ರೂಫ್ ವಾಟ್ಸಾಪಿಗೆ ಹಾಕಿದೆ. ‘ಸೂಪರ್’ ಅಂತ ಬಂತು.

ಮಂಗಳವಾರ ಬೆಳಿಗ್ಗೆ ಅದೇ ಫೈಲ್ ಸ್ಕ್ರೀನ್ ಮೇಲೆ ತೆರೆದಿತ್ತು. ಅರ್ಜಿ ಪ್ರಿಂಟ್ ಆಗುವವರೆಗೆ ಹುಡುಗಿ ಸುಮ್ನೆ ನೋಡುತ್ತಾ ನಿಂತಿದ್ದಳು. ಎಡಗಡೆಯ ಫೋಟೋ ನೋಡಿದಾಗ ಅವಳ ಕೈ ತಾನಾಗಿ ಬಾಯಿಗೆ ಹೋಯ್ತು. ನೊಣ ಓಡಿಸುವಾಗ ಹೋಗುತ್ತಲ್ಲ, ಅಷ್ಟು ಅಭ್ಯಾಸದ ಕೈ. ಆಮೇಲೆ ಬಲಗಡೆಯದು ನೋಡಿದಳು. ಕೈ ತೆಗೆಯದೆಯೇ ಕೇಳಿದಳು. ‘ಅಣ್ಣಾ, ಈ ನೀರು ಎಷ್ಟು ದಿನ ಕುಡೀಬೇಕು?’

‘ಗೊತ್ತಿಲ್ಲಮ್ಮ’ ಅಂದೆ. ಅಷ್ಟೇ ಅಂದೆ. ‘ಇದು ನಾನೇ ಬಳಿದ ಹಲ್ಲು’ ಅನ್ನಬಹುದಿತ್ತು. ಅವಳು ಮೊಬೈಲ್ ತೆಗೆದು ಸ್ಕ್ರೀನ್ ಮೇಲಿದ್ದ ಫೋನ್ ನಂಬರಿನ ಫೋಟೋ ಹಿಡಿದುಕೊಂಡು, ಹತ್ತು ರೂಪಾಯಿ ಕೊಟ್ಟು ಹೋದಳು.

ಅವಳು ಎಷ್ಟು ದಿನ ಕುಡಿದರೂ ಆ ಕಂದು ಹೋಗುವುದಿಲ್ಲ. ಅದು ಹಲ್ಲಿನ ಮೇಲೆ ಮೆತ್ತಿಕೊಂಡ ಕಲೆಯಲ್ಲ. ಚಿಕ್ಕ ವಯಸ್ಸಿನಲ್ಲಿ, ಒಸಡಿನ ಒಳಗೆ ಹಲ್ಲು ಕಟ್ಟುವಾಗಲೇ ಸೇರಿಕೊಂಡದ್ದು. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ. ಕುದಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತೆ. ಆರ್‌ಓ ಮಷೀನು ಅದನ್ನು ತೆಗೆಯುತ್ತೆ, ಅದು ನಿಜ. ಅಂದರೆ ಗಿರಾಕಿಯ ಮಾಲು ಸುಳ್ಳಲ್ಲ. ನನ್ನ ಹೊಟ್ಟೆ ಉರಿಸುತ್ತಿರುವುದೂ ಅದೇ. ಎಳೆ ಮಕ್ಕಳಿರುವ ಮನೆಗೆ ನಿಜಕ್ಕೂ ಬೇಕಾದ ವಸ್ತು ಅದು.

ಸಂಜೆ ಗಿರಾಕಿಗೆ ಫೋನ್ ಮಾಡಿದೆ. ಎರಡೂ ಫೋಟೋ ಕೈಬಿಡೋಣ, ‘ಹಲ್ಲು ಹುಟ್ಟೋ ಮೊದಲೇ ಒಳ್ಳೆ ನೀರು ಕೊಡಿ’ ಅಂತ ಹಾಕೋಣ ಅಂದೆ. ಆತ ನಕ್ಕ. ‘ಸಾರ್, ಅದು ಆರೋಗ್ಯ ಇಲಾಖೆ ಗೋಡೆ ಬರಹ. ಅದನ್ನ ಓದಿ ಯಾರಾದ್ರೂ ದುಡ್ಡು ಬಿಚ್ತಾರಾ? ಬೇಕಾದ್ರೆ ಒಂದು ಸ್ಟಾರ್ ಹಾಕಿ ಕೆಳಗೆ ಸಣ್ಣಕ್ಷರದಲ್ಲಿ ಷರತ್ತು ಅನ್ವಯ ಅಂತ ಬರೀರಿ. ವಿಷ ಮಾರ್ತಾ ಇದೀವಾ? ನೀರು ತಾನೆ?’

ನೀರು ತಾನೆ. ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ.

ರಾತ್ರಿ ಕೂತು ಹುಡುಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷ. ಹೇಳಿದ ಸುಳ್ಳನ್ನು ಷರತ್ತು ಹಾಕಿ ತಿದ್ದುವ ಹಾಗಿಲ್ಲ ಅಂತ 2022ರ ನಿಯಮ. ಕಾಯ್ದೆಯಲ್ಲೇ ಇನ್ನೂ ಕೆಳಗೆ ಹೋದರೆ ಇನ್ನೊಂದು ಸಾಲು: ಪ್ರಕಟಿಸಿದವನು ತನ್ನ ಮಾಮೂಲಿ ವ್ಯವಹಾರದಲ್ಲಿ ಪ್ರಕಟಿಸಿದ್ದೇನೆ ಅಂತ ತೋರಿಸಿದರೆ ಅವನಿಗೆ ದಂಡವಿಲ್ಲ. ಓದಿ ಹಾಯೆನಿಸಿತು. ಹಾಯೆನಿಸಿತಲ್ಲ ಅಂತ ಆಮೇಲೆ ಕಸಿವಿಸಿ ಆಯ್ತು. ಹೊಟ್ಟೆಪಾಡು ಅಂತ ನಾವು ಹೇಳಿಕೊಳ್ಳುವುದೂ ಇದೇ ಸಾಲು ಅಲ್ವಾ? ಗುಟ್ಕಾ ಕಂಪನಿಯ ಹೆಸರಲ್ಲಿ ಏಲಕ್ಕಿ ಮಾರುವ ಸಿನಿಮಾ ನಟರನ್ನು ಟೀ ಅಂಗಡಿಯಲ್ಲಿ ಕೂತು ಎಷ್ಟು ಬೈದಿದ್ದೇನೆ! ಅವರಿಗೆ ಕೋಟಿ, ನನಗೆ 18 ಸಾವಿರ. ಬೈಯಲು ಅಷ್ಟೇ ಅರ್ಹತೆ ನನಗಿದ್ದದ್ದು.

ನಮ್ಮಮ್ಮ ಗುಡಿಬಂಡೆ ಕಡೆಯವರು. ಮನೆಯಲ್ಲಿರುವ ಒಂದು ಫೋಟೋದಲ್ಲೂ ಬಾಯಿ ಬಿಟ್ಟು ನಕ್ಕಿಲ್ಲ. ಸ್ವಭಾವವೇ ಗಂಭೀರ ಅಂದುಕೊಂಡಿದ್ದೆ.

ಬುಧವಾರ ಅಡ್ವಾನ್ಸ್ 5 ಸಾವಿರ ವಾಪಸ್ ಹಾಕಿದೆ. ದೊಡ್ಡತನ ಏನಿಲ್ಲ, ಇನ್ನೊಂದು ಬಾರಿ ‘ನೀರು ತಾನೆ’ ಅಂದಿದ್ದರೆ ಒಪ್ಪಿಬಿಡುತ್ತಿದ್ದೆ. ಆತ ಬೇಜಾರೂ ಮಾಡಿಕೊಳ್ಳಲಿಲ್ಲ. ‘ಆಯ್ತು ಸಾರ್, ಮುಂದಿನ ಸಲ ನೋಡೋಣ’ ಅಂದ.

ಇವತ್ತು ಬೆಳಿಗ್ಗೆ ಪೇಪರ್ ಬಿಡಿಸಿದಾಗ ಪಾಂಪ್ಲೆಟ್ ಕೆಳಗೆ ಬಿತ್ತು. ಬೇರೆ ಎಲ್ಲೋ ಮಾಡಿಸಿದ್ದಾನೆ. ಅಕ್ಷರ ಬೇರೆ, ಬಣ್ಣ ಬೇರೆ, ಕೆಳಗೊಂದು ಸ್ಟಾರ್. ಫೋಟೋ ಮಾತ್ರ ವಾಟ್ಸಾಪಿನಿಂದ ಎತ್ತಿದ್ದು, ಸ್ವಲ್ಪ ಮಂಜಾಗಿದೆ. ಕನ್ನಡಕ ಹಾಕಿಕೊಂಡು ನೋಡಿದೆ. ಪಕ್ಕದ ಒಂದು ಹಲ್ಲು ಮಾಸಲಾಗಿಯೇ ಇತ್ತು.