ತಳ ನೋಡುವ ಹುಚ್ಚು: ಐದನೇ ತಿಂಗಳು

ಮುಳುಗಿದ ಹಡಗಿನಿಂದ ಬಂದ ಹಳೇ ಪಿಂಗಾಣಿ ತಟ್ಟೆ, ಉಪ್ಪು ಬಿಡಲಿ ಅಂತ ನೀರಲ್ಲಿ ಕೂತು ಇವತ್ತಿಗೆ 26 ದಿನ. ಮೊದಲ ಸಲ ನೀರು ಬದಲಿಸಿದಾಗ ನೀರಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ 240 ತೋರಿಸಿತ್ತು. ಇವತ್ತು ಬೆಳಿಗ್ಗೆ 31. ಸೀಳಿನ ಬಾಯಲ್ಲಿ ಏಳುತ್ತಿದ್ದ ಬಿಳಿ ಪುಡಿ, ಅಂದರೆ ಸಮುದ್ರದ ಉಪ್ಪು, ಈಗ ಕಾಣುತ್ತಿಲ್ಲ. ಬಕೆಟ್ ಯಾವಾಗ ಬಿಡ್ತೀರಿ ಅಂತ ಮನೆಯವಳು ಕೇಳುತ್ತಲೇ ಇದ್ದಾಳೆ.

ಇದು ಟೆಕ್ ಸಿಂಗ್ ಹಡಗಿನ ಮಾಲು. ಇಲ್ಲೇ ಸಿಂಗಪುರದಲ್ಲಿ, ಪಕ್ಕದ ಬ್ಲಾಕಿನ ರಾಯರೂ ನಾನೂ ಅರ್ಧರ್ಧ ದುಡ್ಡು ಹಾಕಿ ಕೊಂಡೆವು. 1822ರಲ್ಲಿ ಚೀನಾದ ಅಮೋಯ್‌ನಿಂದ ಬಟೇವಿಯಾಕ್ಕೆ, ಅಂದರೆ ಇವತ್ತಿನ ಜಕಾರ್ತಕ್ಕೆ, ಹೊರಟ ಹಡಗು ಇಂಡೋನೇಷ್ಯಾದ ಗಾಸ್ಪರ್ ಜಲಸಂಧಿಯ ಬಂಡೆಗೆ ಬಡಿದು ಮುಳುಗಿತು. ಸಾವಿರಕ್ಕೂ ಜಾಸ್ತಿ ಜನ ಸತ್ತರು. 1999ರಲ್ಲಿ ಪತ್ತೆಯಾದಾಗ ಸುಮಾರು 3,50,000 ಪಿಂಗಾಣಿ ಸಾಮಾನು ಮೇಲೆ ಬಂತು. ಮರುವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹರಾಜಾಯಿತು. ಅಷ್ಟೊಂದು ಇರುವುದರಿಂದಲೇ ನಮ್ಮ ಜೇಬಿಗೂ ಎಟುಕಿದ್ದು.

ಮಾರುವುದಕ್ಕಾಗಿಯೇ ಹಡಗು ಬಗೆಯುವುದನ್ನು ಪುರಾತತ್ವದ ಹೆಚ್ಚಿನವರು ಒಪ್ಪುವುದಿಲ್ಲ. ಯಾವ ತಟ್ಟೆ ಎಲ್ಲಿತ್ತು, ಯಾವುದರ ಜೊತೆ ಇತ್ತು ಅನ್ನುವ ಲೆಕ್ಕ ಹಾಗೇ ಕಳೆದುಹೋಗುತ್ತದೆ. ನಾನೂ ರಾಯರೂ ಇದರ ಮೇಲೆ ಎರಡು ಸಂಜೆ ಜಗಳವಾಡಿದೆವು. ಹಡಗಿನ ಮಾಲು ಇದೊಂದೇ ಸಾಕು ಅಂತ ಕೊನೆಗೆ ಒಪ್ಪಂದವಾಯಿತು. ರಾಯರು ಎಷ್ಟು ದಿನ ತಡೀತಾರೋ!

ಇನ್ನು ತಟ್ಟೆ. ಚೀನಾದ ದೆಹುವಾದಲ್ಲಿ ಪಿಂಗಾಣಿ ಸುಡುವ ಗೂಡುಗಳ ನೀಲಿ-ಬಿಳಿ ಕೆಲಸ, ಅವಸರದ ಕುಂಚ. ಹೂವಿನ ಒಂದು ಎಸಳು ಗೆರೆ ದಾಟಿದೆ. ಮಗುಚಿದರೆ ತಳದ ಬಳೆಗೆ ಗೂಡಿನ ಮರಳು ಅಂಟಿಕೊಂಡೇ ಇದೆ, ಬೆರಳಾಡಿಸಿದರೆ ರವೆ ಸಿಕ್ಕ ಹಾಗೆ. ಒಳಮೈಯ ನಡುವೆ ಉಂಗುರದ ಆಕಾರದ ಜಾಗಕ್ಕೆ ಮೆರುಗು ಇಲ್ಲ. ಒಂದರ ಮೇಲೊಂದು ಪೇರಿಸಿ ಸುಟ್ಟಾಗ ಅಂಟದಿರಲಿ ಅಂತ ಅಲ್ಲಿ ಕೆರೆದು ತೆಗೆದಿದ್ದಾರೆ. ನನಗೆ ಹೂವಿಗಿಂತ ಈ ಉಂಗುರವೇ ಇಷ್ಟ.

ತಳ ನೋಡುವ ಬುದ್ಧಿ ಬಂದದ್ದು ಎರಡನೇ ತಿಂಗಳು ಟೋಪಿ ಹಾಕಿಸಿಕೊಂಡ ಮೇಲೆ. ಒಂದು ಬಟ್ಟಲು, ಅಡಿಯಲ್ಲಿ ಆರು ಅಕ್ಷರ. ಬಲಗಡೆಯ ಸಾಲನ್ನು ಮೇಲಿಂದ ಕೆಳಗೆ, ಆಮೇಲೆ ಎಡಗಡೆಯದು ಅಂತ ಓದಿದೆವು: ಮಹಾ ಮಿಂಗ್, ಚೆಂಗ್‌ಹುವಾ ಕಾಲದಲ್ಲಿ ಮಾಡಿದ್ದು. ಮಿಂಗ್ ವಂಶದ ಆ ಚಕ್ರವರ್ತಿಯ ಕಾಲ 1465ರಿಂದ 1487! ಕುಣಿದಾಡಿ ಕೊಂಡೆವು. ಇನ್ನೂರು ವರ್ಷದ ಮೇಲೆ ಕಾಂಗ್ಶಿ ಚಕ್ರವರ್ತಿಯ ಕಾಲದ ಕುಂಬಾರರೂ ಇದೇ ಮುದ್ರೆ ಬರೆಯುತ್ತಿದ್ದರು ಅಂತ ಆಮೇಲೆ ತಿಳಿಯಿತು. ನಮ್ಮದು ಅದೂ ಅಲ್ಲ. ಭೂತಗನ್ನಡಿ ಹಿಡಿದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ. ದಿನಾ ಬಳಸಿದ ಬಟ್ಟಲಿಗೆ ಗೀರು ದಿಕ್ಕಾಪಾಲು ಬೀಳುತ್ತವೆ, ಇದಕ್ಕೆ ಯಾರೋ ಹಳೆಯದಾಗಿ ಕಾಣಲಿ ಅಂತ ಮರಳುಕಾಗದ ಉಜ್ಜಿದ್ದರು. ಈಗ ಅದರಲ್ಲಿ ಬೆಳ್ಳುಳ್ಳಿ ಇದೆ.

ಭಾನುವಾರ ಏಷ್ಯನ್ ಸಿವಿಲೈಸೇಶನ್ಸ್ ಮ್ಯೂಸಿಯಂಗೆ ಹೋಗಿದ್ದೆವು. ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಹತ್ತಿರ ಮುಳುಗಿದ್ದ ಹಡಗಿನ, ಚೀನಾದ ಚಾಂಗ್ಶಾ ಗೂಡುಗಳ ಬಟ್ಟಲುಗಳ ಮುಂದೆ ರಾಯರು ನೆಲಕ್ಕೇ ಕೂತರು. ಕೆಳಗಿಂದ ಅಡಿ ಕಾಣುತ್ತದಂತೆ! ಅದೇ ಹಡಗಿನ ಒಂದು ಬಟ್ಟಲಲ್ಲಿ ಕ್ರಿ.ಶ. 826ಕ್ಕೆ ಸರಿಹೊಂದುವ ತಾರೀಕು ಬರೆದಿದೆ. ಹಡಗಿನ ಕಾಲ ಹೇಳಲು ಅದು ದೊಡ್ಡ ಆಧಾರ.

ಊರಲ್ಲಿ ಅಮ್ಮನ ಹತ್ತಿರ ಅಜ್ಜಿ ಕಾಲದ ಕಂದು ಭರಣಿ ಇದೆ. ರಾತ್ರಿ ಫೋನ್ ಮಾಡಿ, "ಅಮ್ಮಾ, ಒಂಚೂರು ಮಗುಚಿ ತಳದ ಫೋಟೋ ಕಳಿಸು" ಅಂದೆ.

"ಅದರ ತುಂಬ ಮಿಡಿ ಉಂಟು ಮಾರಾಯ, ಮಗುಚುವುದು ಹೇಗೆ?"

ಮಿಡಿ ಮುಗಿಯುವವರೆಗೆ ಕಾಯಬೇಕು.