ಯಾವುದು ಗುಟ್ಟು, ಯಾವುದು ಲೆಕ್ಕ?

ರಾಯಚೂರಿನ ತೀನ್ ಕಂದೀಲ್ ಹತ್ರ ಚಾ ಕುಡೀತಾ ಮಾಹಿತಿ ಹಕ್ಕಿನ ಮಾತು ಬಂತು. 2005ರ ಆ ಕಾಯ್ದೆಯಲ್ಲಿ, ವೈಯಕ್ತಿಕ ಮಾಹಿತಿ ಕೊಡದಿರೋಕೆ ವಿನಾಯಿತಿ ಕೊಡೋ ಕಲಂ 8(1)(ಜೆ)ಯಲ್ಲಿ ಒಂದು ಚಂದದ ಸಾಲಿತ್ತು: ಸಂಸತ್ತಿಗೋ ವಿಧಾನಮಂಡಲಕ್ಕೋ ಕೊಡಲ್ಲ ಅನ್ನಲಾಗದ ಮಾಹಿತಿಯನ್ನ ಜನಸಾಮಾನ್ಯರಿಗೂ ಕೊಡಲ್ಲ ಅನ್ನುವಂಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನ ತೆಗೆದುಹಾಕ್ತು. ಈಗ 'ವೈಯಕ್ತಿಕ ಮಾಹಿತಿ' ಅಂದುಬಿಟ್ರೆ ಬಾಗಿಲು ಬಂದ್. (ಹಾನಿಗಿಂತ ಸಾರ್ವಜನಿಕ ಹಿತಾಸಕ್ತಿ ದೊಡ್ಡದಾದ್ರೆ ಮಾಹಿತಿ ಕೊಡಬಹುದು ಅನ್ನೋ ಕಲಂ 8(2) ಇನ್ನೂ ಇದೆ, ಆದ್ರೆ ಆ ಹಿತಾಸಕ್ತಿ ಇದೆ ಅಂತ ಒಪ್ಪಿಸೋ ತಲೆನೋವು ನಮ್ದೇ.)

ಅಧಿಕಾರಿಗಳ ಮನೆ ವಿಳಾಸ, ಮಕ್ಕಳ ಶಾಲೆ ಗುಟ್ಟಾಗೇ ಇರ್ಲಿ. ರಾತ್ರಿ ಮರಳು ಲಾರಿ ತಡೆಯೋರಿಗೆ ಅಷ್ಟಾದ್ರೂ ರಕ್ಷಣೆ ಬ್ಯಾಡೇನು? ಆದ್ರೆ ಊರಿನ ನರೇಗಾ ಹಾಜರಿ ಪಟ್ಟಿಗೆ ಸಹಿ ಹಾಕಿದ್ದು ಯಾರು ಅಂತ ಕೇಳಿದ್ರೆ, ಅದೂ ಅವರ ಖಾಸಗಿ ವಿಷಯ ಆಗಿಬಿಡ್ತದಾ?